ಹೊಸ ಲಿವರು

ಎಪ್ಪತ್ತೆರಡರಲ್ಲಿ ಹುಟ್ಟಿದ ಯಂತ್ರ.
ಮುಂದೆ ಮೊರದಂಥ ಬಕೆಟ್ಟು, ಹಿಂದೆ ಚೇಳಿನ ಕೊಂಡಿ.
ಹಳದಿ ಬಣ್ಣ ಉಳಿದಿದೆಯೆ ಎಂದು ನೋಡಬೇಕಾದರೆ
ಬಾನೆಟ್ ಎತ್ತಿ ಒಳಮಗ್ಗುಲು ನೋಡಬೇಕು.
ಲೆಂಪಿ ಹಾಕಲ ಇದನ್ನು ಕೊಂಡದ್ದು
ಮುಚ್ಚಿಹೋದ ತಾಮ್ರದ ಗಣಿಯ ಹರಾಜಿನಲ್ಲಿ;
ಜೊತೆಗೆ ಯಾವುದಕ್ಕೂ ಹೊಂದದ ನಟ್ಟು ಬೋಲ್ಟು
ಒಂದು ಡಬ್ಬಿ, ಪುಕ್ಕಟೆ.

ಸುಪೀರಿಯರ್ ಸರೋವರದ ಈ ದಡದಲ್ಲಿ ಚಳಿಗಾಲವೆಂದರೆ
ಹಿಮ ಕಿಟಕಿಯ ಮಟ್ಟಕ್ಕೆ, ನಾವಿಬ್ಬರೂ ಶೆಡ್ಡಿಗೆ.
ಟಾರ್ಚು ಹಿಡಿಯುವುದು ನನ್ನ ಕೆಲಸ.
ಹದಿನೇಳು ವಯಸ್ಸು, ಗಂಟೆಗೆ ಹನ್ನೆರಡು ಡಾಲರು,
ಬೆಳಕು ಅಲುಗಿದರೆ ಫಿನ್ನಿಶ್ ಬೈಗುಳ.

ಮೊದಲು ಪಿನ್ನು, ಬುಶ್ಶು.
ತೂತುಗಳೆಲ್ಲ ಸವೆದು ಸವೆದು ಮೊಟ್ಟೆಯಾಕಾರ;
ಹಲ್ಲು ಸಡಿಲಾದವನು ಒಣರೊಟ್ಟಿ ಕಡಿದ ಹಾಗೆ
ಅಗೆಯುತ್ತಿತ್ತು ಬಕೆಟ್ಟು.
ವೆಲ್ಡು ತುಂಬಿಸಿ, ಕೊರೆದು, ಬೆರಳಾಡಿಸಿ, ಮತ್ತೆ ಕೊರೆದು
"ದುಂಡಗಿನದು ಸುಮ್ಮನೆ ಆಗುವುದಿಲ್ಲ" ಅಂದಳು.
ಮೂರು ದಿನಕ್ಕೆ ಅಷ್ಟೇ ಮಾತು.

ಆಮೇಲೆ ಹೆಬ್ಬೆರಳು.
ಹುಟ್ಟಾ ಹೆಬ್ಬೆರಳಿಲ್ಲದ ಯಂತ್ರ ಇದು:
ಅಗೆಯಲು ಗೊತ್ತು, ಬಾಚಲು ಗೊತ್ತು,
ಹಿಡಿಯಲು ಬಾರದು.
ಗಣಿಯ ರೈಲುಕಂಬಿಯ ಎರಡು ತುಂಡು,
ಹುಲ್ಲಿನ ಪಿಂಡಿ ಕಟ್ಟುವ ಯಂತ್ರದಿಂದ ಕಳಚಿದ ಸಿಲಿಂಡರು,
ಹೊಸತೆಂದರೆ ಸೀಲು ಮಾತ್ರ.
ಅದು ಮೊದಲ ಸಲ ಚಿಮ್ಮಟಿಗೆಯಂತೆ ಹಿಡಿದೆತ್ತಿದ್ದು
ನನ್ನ ಟೋಪಿಯನ್ನು.
ಹರಿಯಲಿಲ್ಲ. ಗ್ರೀಸಿನ ಕಲೆ ಇವತ್ತಿಗೂ ಇದೆ.

ಕ್ಯಾಬಿಗೆ ಶಾಲೆಬಸ್ಸಿನ ಹೀಟರು;
ಹಾಕಿದರೆ ಒದ್ದೆ ಕೈಗವಸಿನ ವಾಸನೆ, ಯಾರದೋ ಸೋಮವಾರ.
ಗುಜರಿ ವೋಲ್ವೋದ ಸೀಟು, ಬೆಚ್ಚಗಾಗುವ ಸ್ವಿಚ್ಚಿನ ಸಮೇತ.
ಸ್ವಿಚ್ಚಿಗೆ ತಂತಿ ಎಳೆಯುವುದು ಹಾಗೇ ಉಳಿಯಿತು.

ಕೊನೆಗೆ ಲಿವರು.
ಲೆಂಪಿಯ ಭುಜ ಈಗೀಗ ರಾತ್ರಿ ನೋಯುತ್ತದೆ.
ಮೊಳದುದ್ದದ ಹಳೆಯ ಲಿವರುಗಳು ಹೋದವು,
ಎರಡು ಬೆರಳಿಗೆ ಬಾಗುವ ಜಾಯ್‌ಸ್ಟಿಕ್ಕು ಬಂದವು.
"ಈಗ ಎಲ್ಲರದೂ ಹೀಗೇ" ಅಂದ ಅಂಗಡಿಯವನು,
"ಬೂಮು ಬಲಗೈಗೆ, ತೋಳು ಎಡಗೈಗೆ.
ವಾರದಲ್ಲಿ ರೂಢಿಯಾಗುತ್ತೆ."

ಏಪ್ರಿಲ್ ಕೊನೆಗೆ ನೆಲ ಬಿಟ್ಟುಕೊಟ್ಟಿತು.
ಚಳಿಗಾಲದಲ್ಲಿ ತೀರಿಕೊಂಡವರು
ಸ್ಮಶಾನದ ಕಲ್ಲುಕೋಣೆಯಲ್ಲಿ ಕಾದಿದ್ದರು,
ಮೊದಲ ಸರದಿ ಆಸ್ಕರಿ ನೀಮಿಯದು.
ಲೆಂಪಿ ಕೂತಳು. ಬೂಮು ಏಳಲೆಂದು ಎಡಗೈ ಎಳೆಯಿತು.
ಬೂಮು ಏಳಲಿಲ್ಲ. ತೋಳು ಬೀಸಿ ಬಂದು
ಪಕ್ಕದ ಸಮಾಧಿಗಲ್ಲಿನ ಎದುರು
ಗೇಣು ಬಿಟ್ಟು ನಿಂತಿತು.
ಕಲ್ಲಿನ ಮೇಲಿನ ಹೆಸರು ನಾನು ಓದಲಿಲ್ಲ.
ಅವಳು ಓದಿದಳು.

ಇಂಜಿನ್ ಆರಿಸಿ, ಬಹಳ ಹೊತ್ತಿನ ಮೇಲೆ:
"ತಲೆಗೆ ಅರ್ಥವಾಗಿದೆ.
ಕೈಗೆ ಇನ್ನೊಂದು ಮೂವತ್ತೆಂಟು ವರ್ಷ ಬೇಕು."

ಕೆಸರಿನಲ್ಲಿ ಅಂಗಾತ ಮಲಗಿ ಹೋಸುಗಳನ್ನು ಬಿಚ್ಚಿದೆವು,
ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ.
ನನ್ನ ತೋಳಿನೊಳಗೆ ಎಣ್ಣೆ ಇಳಿಯಿತು, ತಣ್ಣಗೆ.
ಲಿವರು ಹೊಸದೇ. ಅದಕ್ಕೆ ಅರ್ಥ ಮಾತ್ರ ಹಳೆಯದು.
ಹೀಗೂ ಮಾಡಬಹುದೆಂದು
ಅಂಗಡಿಯವನು ಹೇಳಿರಲಿಲ್ಲ.

ಗುಂಡಿಯ ಗೋಡೆ ಚಾಕುವಿನಲ್ಲಿ ಕೊಯ್ದಂತೆ ನೆಟ್ಟಗೆ ಬಂತು.
ನಾಲ್ಕಡಿ ಕೆಳಗೆ ಕರುವಿನ ಗಾತ್ರದ ಬಂಡೆ;
ಹೆಬ್ಬೆರಳು ಮಡಿಸಿ ಹಿಡಿದು, ಮೇಲೆತ್ತಿ,
ಹುಲ್ಲು ಕೂಡ ಎಚ್ಚರಗೊಳ್ಳದ ಹಾಗೆ
ಪಕ್ಕಕ್ಕಿಟ್ಟಳು.
ಆಸ್ಕರಿಯ ಹೆಂಡತಿ ಅದನ್ನು ಮನೆಗೆ ಕೊಡಿ ಅಂದರು.
ಯಾಕೆ ಅಂತ ಯಾರೂ ಕೇಳಲಿಲ್ಲ.

ಸಂಜೆ, ಬೇಲಿಯಾಚೆಯ ಖಾಲಿ ಹೊಲದಲ್ಲಿ
ಲೆಂಪಿ ಇಳಿದಳು. ನನ್ನನ್ನು ಹತ್ತಿಸಿದಳು.
ತಂತಿಯೇ ಇಲ್ಲದ ಸೀಟು
ಬೆಚ್ಚಗಿತ್ತು.
"ಯಾವ ಕಡೆ ಎಳೀಲಿ?"
ಗ್ರೀಸ್‌ಗನ್ನು ಒರೆಸುತ್ತ ಅಂದಳು:
"ಎಳೆದು ನೋಡು. ಅದೇ ಹೇಳುತ್ತೆ."